ಗಾದಿ ಮಾರಿದ ರೊಟ್ಟಿ ಅಕ್ಕನಿಗೆ, ರೊಟ್ಟಿ ಮಾರಿದ ಗಾದಿ ಅಣ್ಣನಿಗೆ

ಮೂರನೆಯ ನೆರಳುಬೀದಿ, ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ೨೧೬೮

ಮಾನ್ಯ ಫಕೀರವ್ವ ಹೂಗಾರ ಅವರಿಗೂ ದಾವಲಸಾಬ ನದಾಫ ಅವರಿಗೂ ಗುರವ್ವ ಅಣ್ಣಿಗೇರಿಯ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲ ಎಂಬುದು ನನಗೆ ಗೊತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಬೇಸಿಗೆ ಮಿತಿಮೀರಿದಾಗ, ಮೇ ತಿಂಗಳಿನ ಒಂದೆರಡು ದಿನಗಳನ್ನಾದರೂ ಕಿತ್ತು ಬೇರೆ ಕಡೆ ಇಡೋಣವೆಂದು ಸರ್ಕಾರದವರು ಹೊರಟು, ಪಾಪದ ಫೆಬ್ರವರಿಗೆ ಅವನ್ನು ದಾನ ಮಾಡಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಕ್ಯಾಲೆಂಡರು ಮಾತ್ರ ಬದಲಾಯಿತು. ನನ್ನ ಮಾತಿನಲ್ಲಿಯೂ ನಿಮಗೆ ಗುರುತಿಲ್ಲದ ಪದಗಳು ನುಸುಳುತ್ತವೆ. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಮರೆತರೆ ಕ್ಷಮಿಸಿ. ಹಿಂದಿನವರಿಗೆ ಪತ್ರ ತಲುಪಿಸುವ ವಿದ್ಯೆ ನಮಗಿನ್ನೂ ಸಿದ್ಧಿಸಿಲ್ಲ. ಆದರೆ ಬರೆಯಬಾರದೆಂಬ ಕಾನೂನೂ ಇಲ್ಲ. ಇವತ್ತು ಸಂಜೆಯ ಸಭೆಯಲ್ಲಿ ಎದ್ದು ನಿಲ್ಲಬೇಕೋ ಸುಮ್ಮನೆ ಕೂರಬೇಕೋ ಎಂಬುದನ್ನು ನಾನು ತೀರ್ಮಾನಿಸಬೇಕಾಗಿದೆ. ಅದನ್ನು ನಿಮ್ಮಿಬ್ಬರ ಹತ್ತಿರವಲ್ಲದೆ ಬೇರೆ ಯಾರ ಹತ್ತಿರವೂ ಹೇಳಿಕೊಳ್ಳುವ ಮನಸ್ಸಾಗುತ್ತಿಲ್ಲ.

ಈ ಪತ್ರವನ್ನು ನಿಮ್ಮ ಬದುಕಿನ ಒಂದು ವಾರಕ್ಕೆಂದೇ ಬರೆದಿದ್ದೇನೆ. ಹುಬ್ಬಳ್ಳಿಯ ವರ್ತಕರ ಮಂಡಳಿಯವರು ಫಕೀರವ್ವನವರ ಮಹಿಳಾ ಉದ್ಯಮಿಗಳ ಬಳಗವನ್ನೂ ದಾವಲಸಾಬರ ಅಲ್ಪಸಂಖ್ಯಾತ ವ್ಯಾಪಾರಸ್ಥರ ಸಂಘವನ್ನೂ ಮೊದಲ ಸಲ ಒಟ್ಟಿಗೆ ಕರೆದು ನಡೆಸಿದ ಜಂಟಿ ಮೇಳ ಆಗತಾನೆ ಮುಗಿದಿದೆ. ಮೂರೂ ಸಂಸ್ಥೆಗಳು ಕೈಜೋಡಿಸಿ ಒಂದು ಒಪ್ಪಂದ ಮಾಡಿಕೊಳ್ಳಬೇಕೆಂಬ ಮಾತು ಎದ್ದಿದೆ. ನೀವಿಬ್ಬರೂ ಇನ್ನೂ ಸಹಿ ಹಾಕಿಲ್ಲ. ಮೇಳದಲ್ಲಿ ನಡೆದದ್ದನ್ನು ನಿಮಗೇ ಹೇಳುವುದು ಅಧಿಕಪ್ರಸಂಗವಾದೀತು. ಆದರೂ ಹೇಳುತ್ತೇನೆ, ಏಕೆಂದರೆ ಇಲ್ಲಿ ಅದನ್ನು ಪ್ರತಿವರ್ಷ ಕಥೆಯಾಗಿ ಹೇಳಿಸುತ್ತಾರೆ. ಹೇಳುವವರ ಬಾಯಲ್ಲಿ ಅದಕ್ಕೆ ಎಷ್ಟು ಉಪ್ಪುಖಾರ ಸೇರಿದೆ ಎಂಬುದು ನಿಮಗೂ ತಿಳಿಯಲಿ.

ಮೇಳದ ಹಿಂದಿನ ದಿನ ನೀವಿಬ್ಬರೂ ಅಲ್ಲಿಯ ಅಂಗಳದಲ್ಲಿ ಅಕ್ಕಪಕ್ಕ ಕೂತು ಸರಕು ಸಿದ್ಧ ಮಾಡಿದ್ದಿರಿ. ಮರುದಿನಕ್ಕೆ ನಿಮಗೆ ಎರಡು ಮಳಿಗೆಗಳು ಸಿಕ್ಕಿದ್ದವು. ಬಾಗಿಲಿನ ಎದುರಿಗೇ ಇದ್ದದ್ದು ಬಳಗದ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ. ಹಿಂದುಗಡೆ, ಕತ್ತಲೆಯ ಮೂಲೆಯಲ್ಲಿದ್ದದ್ದು ದಾವಲಸಾಬರ ಹತ್ತಿಯ ಗಾದಿಗಳಿಗೆ. ಬೆಳಿಗ್ಗೆ ಬಂದ ಫಕೀರವ್ವನವರಿಗೆ ಇದು ಸರಿಕಾಣಲಿಲ್ಲ. ರೊಟ್ಟಿಯ ವಾಸನೆ ಹಿಡಿದು ಜನ ಮೂಲೆಗೂ ಬರುತ್ತಾರೆ, ಗಾದಿಗೆ ಯಾವ ವಾಸನೆ ಎಂದು, ಯಾರನ್ನೂ ಕೇಳದೆ, ಹಮಾಲರನ್ನು ಹಿಡಿದು ಎರಡೂ ಮಳಿಗೆಗಳ ಸಾಮಾನನ್ನು ಅದಲುಬದಲು ಮಾಡಿಸಿಬಿಟ್ಟರು. ಚಹಾ ಕುಡಿದು ಬಂದ ದಾವಲಸಾಬರು ನೋಡಿದರೆ ಗಾದಿಗಳೆಲ್ಲ ಮುಂದೆ. ಹೆಣ್ಣುಮಕ್ಕಳಿಗೆ ಕೊಟ್ಟ ಜಾಗದಲ್ಲಿ ತಾವು ಕೂರುವುದುಂಟೇ ಎಂದು ಅವರು ಮೂಲೆ ಬಿಟ್ಟು ಕದಲಲಿಲ್ಲ. ಇತ್ತ ಫಕೀರವ್ವನವರು, ಗಾದಿಗಳನ್ನು ಯಾರಾದರೂ ತಿರುಗಿ ಸಾಗಿಸಿಬಿಟ್ಟಾರೆಂದು ಮುಂದಿನ ಮಳಿಗೆಯಲ್ಲಿ ಕಾವಲು ನಿಂತರು. “ನೀವು ಮುಂದ ಬರ್ರಿ ಅಣ್ಣಾರ” ಎಂದು ಇವರು, “ಅದ್ಹೆಂಗಾಕ್ಕೈತ್ರಿ ಅಕ್ಕಾರ, ನೀವೇ ಕುಂದರ್ರಿ” ಎಂದು ಅವರು, ಹೇಳಿ ಕಳಿಸಿದ್ದೇ ಕಳಿಸಿದ್ದು. ಮರ್ಯಾದೆಗೆ ಬಿದ್ದು ಹೀಗೆ ಹಟ ಹಿಡಿದು ಕೆಲಸ ಕೆಡಿಸಿಕೊಳ್ಳುವುದು ನಮ್ಮ ಊರಿನವರಿಗೆ ಮಾತ್ರ ಬರುವ ವಿದ್ಯೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಊರೂರಿನಲ್ಲಿ ಹಾಸ್ಟೆಲು ನಡೆಸುವ ಕಂಪನಿಯೊಂದರ ಖರೀದಿ ಅಧಿಕಾರಿ, ಒಬ್ಬ ಹೆಣ್ಣುಮಗಳು, ನೆಟ್ಟಗೆ ಬಂದು ಗಾದಿಗಳ ನಡುವೆ ನಿಂತಿದ್ದ ಫಕೀರವ್ವನವರನ್ನು ಮಾಲು ಹೇಗಿದೆ ಎಂದು ಕೇಳಿದಳು.

ಇಲ್ಲಿಂದ ಮುಂದೆ ಕಥೆ ಎರಡಾಗಿ ಒಡೆಯುತ್ತದೆ. ವೇದಿಕೆಯ ಮೇಲೆ ಹೇಳಿಸುವ ಕಥೆಯಲ್ಲಿ ಫಕೀರವ್ವನವರು, ತಾವು ಹುಟ್ಟಿದಾಗಿನಿಂದ ಇದೇ ಗಾದಿಯ ಮೇಲೆ ಮಲಗಿದವರು ಎಂದು ಎದೆ ತಟ್ಟಿ ಹೇಳುತ್ತಾರೆ. ನಾನಿರುವ ನಿಮ್ಮದೇ ಬಳಗದ ಹಳೆಯ ಹೆಂಗಸರು ರೊಟ್ಟಿ ಬಡಿಯುತ್ತಾ ಹೇಳುತ್ತಿದ್ದ ಕಥೆ ಬೇರೆ. ಅದರಲ್ಲಿ ನೀವು, “ಗಾದಿ ನಂದಲ್ರಿ ತಂಗಿ. ನಾ ಇದರ ಮ್ಯಾಲ ಒಂದಿನಾನೂ ಮಲಗಿಲ್ಲ. ಆದ್ರ ಇದನ್ನ ಹೊಲಿದ ಮನಷ್ಯಾನ್ನ ನಿನ್ನಿಯಿಂದ ನೋಡಾಕತ್ತೀನಿ. ಹೊಲಿದು ಮುಗಿಸಿದ್ದ ಗಾದಿ ಮತ್ತ ಬಿಚ್ಚಿದ್ರು. ಯಾಕ್ರಿ ಅಂದ್ರ, ಒಂದು ಮುಟಗಿ ಹಳೇ ಹತ್ತಿ ಅರಳಿ ಸೇರಿಬಿಟ್ಟಿತ್ತಂತ” ಎಂದಿರಂತೆ. ಆಕೆ ರೊಟ್ಟಿಯ ಮೂಲೆಗೆ ಹೋದಾಗ ದಾವಲಸಾಬರೂ ಸುಮ್ಮನಿರಲಿಲ್ಲ. “ಈ ಅಕ್ಕಾರು ಅಂಚು ಮುರದ ರೊಟ್ಟಿ ಡಬ್ಬಿಗೆ ಹಾಕಂಗಿಲ್ರಿ, ಬಾಜೂಕ ಇಡ್ತಾರ. ಆ ಮುರಕಾ ತಿಂದೇ ನಂದು ಎರಡೊಪ್ಪತ್ತಿನ ಊಟ ಆಗೇತಿ” ಎಂದರಂತೆ. ಆ ಅಧಿಕಾರಿ ಇಬ್ಬರಿಗೂ ಆರ್ಡರು ಕೊಟ್ಟು ಹೋದಳು ಎಂಬಲ್ಲಿ ಎರಡೂ ಕಥೆಗಳು ಮತ್ತೆ ಒಂದಾಗುತ್ತವೆ. ನಾನು ಎರಡನೆಯದನ್ನು ನಂಬುವವಳು. ಮೊದಲನೆಯದರಲ್ಲಿ ಜಾಹೀರಾತಿನ ವಾಸನೆ ಇದೆ.

ನಿಮ್ಮ ಆ ಗೊಂದಲದಿಂದಲೇ ನಮ್ಮ ಪದ್ಧತಿ ಹುಟ್ಟಿತು. ಅದನ್ನು ನಾವು ಪರಬಾಯಿ ಎನ್ನುತ್ತೇವೆ. ನಮ್ಮ ಕೂಟದಲ್ಲಿ, ಅಂದರೆ ನಿಮ್ಮ ಮೂರು ಸಂಸ್ಥೆಗಳು ಬೆಳೆದು ಆದ ಒಕ್ಕೂಟದಲ್ಲಿ, ಯಾರೂ ತಮ್ಮ ಸರಕನ್ನು ತಾವೇ ಹೊಗಳಿಕೊಳ್ಳುವಂತಿಲ್ಲ. ಹೊಸಬರು ಒಳಗೆ ಬರಬೇಕಾದರೆ ಬೇರೊಂದು ಸಂಸ್ಥೆಯವರು ಅವರ ಪರವಾಗಿ ಮಾತಾಡಬೇಕು. ಹಾಗೆ ಮಾತಾಡುವವರೂ ಪರಬಾಯಿಯೇ. ಎಷ್ಟು ಸರಳ, ಆದರೆ ಎಂಥ ಪದ್ಧತಿ! ನನ್ನವರ ಬಗ್ಗೆ ನಾನು ಹೇಳಿದರೆ ಕೇಳುವವರು ಅರ್ಧ ಕಿವಿ ಕೊಡುತ್ತಾರೆ. ಇನ್ನೊಬ್ಬರ ಬಗ್ಗೆ ಹೇಳಬೇಕಾದರೆ ಮೊದಲು ನಾನೇ ಅವರ ಓಣಿಗೆ ಹೋಗಬೇಕು, ಅವರ ಜಗಲಿಯ ಮೇಲೆ ಕೂರಬೇಕು, ಅವರ ಕೆಲಸ ಕಣ್ಣಾರೆ ನೋಡಬೇಕು. ಹಳಿಯಾಳ ಕಾಡಿನ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಕೂಟಕ್ಕೆ ಬಂದದ್ದು ದಾವಲಸಾಬರ ಸಂಘದ ಮಾತಿನ ಮೇಲೆ. ಮಂಗಳಮುಖಿಯರ ಅಡುಗೆ ಮನೆಗೆ ಜಾಗ ಸಿಕ್ಕಿದ್ದು, ನೀವು ನಂಬಲಿಕ್ಕಿಲ್ಲ, ಆ ಮೀಸೆ ಹೊತ್ತ ವರ್ತಕರ ಮಂಡಳಿಯವರು ಎದ್ದು ನಿಂತು ಹೇಳಿದ್ದರಿಂದ. ಬೀದರಿನಿಂದ ಕೋಲಾರದವರೆಗೆ ಈಗ ಇಂಥ ಕೂಟಗಳಿವೆ. ಈ ಹೆಸರುಗಳನ್ನು ಕೂಟದ ಪಟ್ಟಿಯಲ್ಲಿ ಓದುವಾಗ ನನಗೆ ನಿಮ್ಮ ಮೇಲೆ ಬರುವ ಹೆಮ್ಮೆಯನ್ನು ಹೇಗೆ ಹೇಳಲಿ? ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೇಲೆ ಕೂಡ ನನಗೆ ಅಷ್ಟು ಬಂದಿಲ್ಲ. ಅವರು ಈ ಪತ್ರ ಓದುವುದಿಲ್ಲವಾದ್ದರಿಂದ ಧೈರ್ಯವಾಗಿ ಬರೆದಿದ್ದೇನೆ.

ನಮ್ಮ ದಿನಚರಿಯನ್ನೂ ಸ್ವಲ್ಪ ತಿಳಿಸಬೇಕು. ಬೇಸಿಗೆಯಲ್ಲಿ ನಾವು ನಸುಕಿನಲ್ಲಿ ಎದ್ದು ಕೆಲಸ ಮಾಡಿ, ಬಿಸಿಲೇರುವ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತೇವೆ. ಊರಿಗೆಲ್ಲ ಕೇಳುವಂತೆ ಒಂದು ಸೈರನ್ ಕೂಗುತ್ತದೆ. ಅದು ಸಂಜೆ ಮತ್ತೆ ಕೂಗುವವರೆಗಿನ ಹೊತ್ತಿಗೆ ಮುಚ್ಚುಹೊತ್ತು ಎಂದು ಹೆಸರು. ಆಗ ಹೊರಗೆ ತಿರುಗುವವರು ಹುಚ್ಚರು, ಇಲ್ಲವೇ ಪ್ರೇಮಿಗಳು. ಈ ಪತ್ರವನ್ನೂ ಮುಚ್ಚುಹೊತ್ತಿನಲ್ಲಿಯೇ, ಒದ್ದೆ ಪಂಚೆಯ ಪರದೆಯ ಹಿಂದೆ ಕೂತು ಬರೆಯುತ್ತಿದ್ದೇನೆ. ಮಾರುಕಟ್ಟೆಯೆಲ್ಲ ನೆರಳುಬೀದಿಗಳಲ್ಲಿದೆ. ಮೇಲೆ ಬಿಸಿಲು ಕುಡಿದು ಕರೆಂಟು ಮಾಡುವ ಚಾವಣಿ, ಕೆಳಗೆ ಎರಡೂ ಬದಿಗೆ ಅಂಗಡಿ, ನಡುವೆ ನೀರಿನ ಕಾಲುವೆ. ನೆರಳು ಬಹಳ ಕಡಿಮೆ ಇರುವುದರಿಂದ ಅಲ್ಲಿ ಜಾಗ ಹಂಚುವ ಅಧಿಕಾರ ಕೂಟದ ಕೈಯಲ್ಲಿದೆ. ಪ್ರತಿ ಸರಕಿಗೂ ಒಂದು ಗುಣಚೀಟಿ ಅಂಟಿಸಿರುತ್ತಾರೆ. ಬೆರಳಿಟ್ಟರೆ ಅದು ತನ್ನ ಕುಲಗೋತ್ರವನ್ನೆಲ್ಲ ತಾನೇ ಒದರುತ್ತದೆ: ಜೋಳ ಯಾವ ಹೊಲದ್ದು, ಯಾವ ನೀರು ಕುಡಿದದ್ದು, ಎಷ್ಟು ಹೊತ್ತಿನ ಹಿಂದೆ ಬೆಂದದ್ದು. ಅದು ಸುಳ್ಳು ಹೇಳುವುದಿಲ್ಲ. ಆದರೂ ಜನ ಅದನ್ನು ಒತ್ತಿ, ಪೂರ್ತಿ ಕೇಳಿ, ಆಮೇಲೆ ತಲೆ ಎತ್ತಿ ಪಕ್ಕದ ಅಂಗಡಿಯವಳನ್ನು “ಹೌದೇನವಾ?” ಎಂದು ಕೇಳುತ್ತಾರೆ. ಅದಕ್ಕೇ ನಮ್ಮ ಕಸುಬು ಇನ್ನೂ ಉಳಿದಿದೆ.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ನಿಮ್ಮ ಕಾಲದ ಕರಾವಳಿಯ ಎಷ್ಟೋ ಕೇರಿಗಳು ಈಗ ನೀರಿನಲ್ಲಿವೆ. ಅಲ್ಲಿಂದ ಎದ್ದು ಬಂದವರನ್ನು ನಾವು ಕಡಲುಬಿಟ್ಟವರು ಎನ್ನುತ್ತೇವೆ. ಅವರಲ್ಲೊಂದು ಹೆಂಗಸರ ಗುಂಪು ಉಣಕಲ್ ಕೆರೆಯ ಹತ್ತಿರದ ಶಿಬಿರದಲ್ಲಿದೆ, ನಾಗಮ್ಮ ಹರಿಕಂತ್ರ ಎಂಬಾಕೆ ಅದರ ಮುಂದಾಳು. ಕೆರೆಯ ಮೀನು ಸಾಕಿ, ಒಣಗಿಸಿ, ಹುರಿದು ಚಟ್ನಿಪುಡಿ ಮಾಡುತ್ತಾರೆ. ಬೇಸಿಗೆ ಬಲಿಯುವುದರೊಳಗೆ ಅವರಿಗೆ ನೆರಳುಬೀದಿಯಲ್ಲಿ ಜಾಗ ಸಿಗದಿದ್ದರೆ, ಕಸುಬಿಲ್ಲದವರು ಎಂದು ಬರೆದುಕೊಂಡು ಊರಾಚೆಯ ಬಯಲು ಶಿಬಿರಕ್ಕೆ ಸಾಗಿಸುತ್ತಾರೆ. ಅಲ್ಲಿ ನೆರಳಿಲ್ಲ. ಹೋದವರ ಮಕ್ಕಳಲ್ಲಿ ಎಲ್ಲರೂ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಜಾಗಕ್ಕೆ ಕೂಟ ಸೇರಬೇಕು, ಕೂಟ ಸೇರಲು ಪರಬಾಯಿ ಬೇಕು. ಅವರ ಪರವಾಗಿ ಬಾಯಿ ಬಿಡುವವರು ಒಬ್ಬರೂ ಇಲ್ಲ. ದಾವಲಸಾಬರೇ, ನಿಮ್ಮ ಸಂಘದವರು ಇರುವ ನೆರಳೇ ಸಾಲದು ಎನ್ನುತ್ತಾರೆ. ವರ್ತಕರು ಎಂದಿನಂತೆ ಎಲ್ಲರೂ ಒಪ್ಪಿದರೆ ತಾವೂ ಒಪ್ಪುವವರು. ಫಕೀರವ್ವನವರೇ, ನಿಮ್ಮ ಬಳಗದ ಹೆಂಗಸರು ಕೇಳಿದ್ದು ಒಂದೇ ಮಾತು: “ನಮ್ಮ ರೊಟ್ಟಿ ಬಾಜೂಕ ಮೀನಾ?” ಬಳಗದ ಪರಬಾಯಿಯ ಕುರ್ಚಿಯಲ್ಲಿ ಕೂತಿರುವವಳು ನಾನು. ಒಪ್ಪಿಗೆಯಿಲ್ಲದೆ ಎದ್ದು ಮಾತಾಡಿದರೆ ಕುರ್ಚಿಯಷ್ಟೇ ಅಲ್ಲ, ಬಳಗವೂ ಹೋಗುತ್ತದೆ ಎಂದು ಈಗಾಗಲೇ ಹೇಳಿಟ್ಟಿದ್ದಾರೆ. ಮೇಲಾಗಿ, ವೇದಿಕೆಯ ಕಥೆಯನ್ನು ನಂಬಿ ನಮ್ಮ ಹಿರಿಯರು ಒಂದು ನಿಯಮ ಮಾಡಿದ್ದಾರೆ: ಬಳಸಿದವರೇ ಹೇಳಬೇಕು. ನಾನು ಮೀನು ಮುಟ್ಟಿದವಳಲ್ಲ. ಈ ವಯಸ್ಸಿನಲ್ಲಿ ಮುಟ್ಟುವವಳೂ ಅಲ್ಲ. ನೀವು ಬಾಗಿಲು ತೆರೆದಿಡಲು ಮಾಡಿದ ಪದ್ಧತಿಯನ್ನೇ ನಾವು ಚಿಲಕ ಮಾಡಿಕೊಂಡಿದ್ದೇವೆ.

ನಾಗಮ್ಮ ಬಂದು ಕೇಳಿದಾಗ ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನೋಡಲು ಬರುತ್ತೇನೆ ಎಂದಷ್ಟೇ ಹೇಳಿದೆ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಶಿಬಿರಕ್ಕೆ ಹೋದೆ, ಸುಳ್ಳೇಕೆ ಹೇಳಲಿ. ಆಕೆ ಒಂದೊಂದೇ ಮೀನನ್ನು ಎತ್ತಿ, ಮೂಸಿ, ಹೊಟ್ಟೆ ಒತ್ತಿ ನೋಡಿ ಬುಟ್ಟಿಗೆ ಹಾಕುತ್ತಿದ್ದಳು. ಒಂದು ಮೀನು ಕೆಟ್ಟಿತ್ತು. ಅದರ ಜೊತೆ ಒಣಗಿದ ಇಡೀ ತಟ್ಟೆಯನ್ನೇ ಒಯ್ದು ಗೊಬ್ಬರದ ಗುಂಡಿಗೆ ಸುರಿದಳು. ಗುಣಚೀಟಿಯ ಯಂತ್ರ ಉಳಿದವು ಚೆನ್ನಾಗಿವೆ ಎಂದೇ ತೋರಿಸುತ್ತಿತ್ತು. ಅದನ್ನು ಹೇಳಿದ್ದಕ್ಕೆ, “ಯಂತ್ರಕ್ಕೆ ಹೊಟ್ಟೆನೋವು ಬರೂದಿಲ್ಲಲ್ಲ ಅಮ್ಮ” ಎಂದಳು. ಆಮೇಲೆ ಕೈ ಉಜ್ಜಿ ಉಜ್ಜಿ ತೊಳೆದು, ಪೆಟ್ಟಿಗೆಯೊಳಗಿಂದ ಬಟ್ಟೆ ಸುತ್ತಿದ ಹೊಸ ಸ್ಟೀಲಿನ ಲೋಟ ತೆಗೆದು ನೀರು ಕೊಟ್ಟಳು. “ನೀವು ತಿಂಬುದಿಲ್ಲ ಅಂತ ಗೊತ್ತಿತ್ತು. ಈ ಲೋಟಕ್ಕೆ ಮೀನಿನ ಕೈ ತಾಗ್ಲಿಲ್ಲ, ಕುಡೀರಿ.” ನಿಮ್ಮ ಕಾಲದಲ್ಲಿ ಬೇರೆ ಲೋಟವನ್ನು ಯಾರಿಗೆ ಇಡುತ್ತಿದ್ದರು, ಏಕೆ ಇಡುತ್ತಿದ್ದರು ಎಂಬುದು ನಿಮಗೆ ಗೊತ್ತು. ಈಕೆ ಅದನ್ನು ನನ್ನ ಮರ್ಯಾದೆಗಾಗಿ ಇಟ್ಟಿದ್ದಳು. ನೀರು ಕುಡಿದೆ. ಮೂಗಿನ ಮೇಲಿದ್ದ ಸೆರಗು ಯಾವಾಗ ಇಳಿಯಿತೋ ಗೊತ್ತಿಲ್ಲ. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ನಿಮ್ಮನ್ನು ನೆನೆಯುವುದು ಇದಕ್ಕಾಗಿ. ಈ ವಾರ ನಿಮ್ಮ ಮನೆಗಳಲ್ಲಿ ಏನು ನಡೆದಿದೆ ಎಂಬುದನ್ನು ನಾನು ಊಹಿಸಬಲ್ಲೆ. ಫಕೀರವ್ವನವರೇ, ನಿಮ್ಮ ಜೊತೆ ರೊಟ್ಟಿ ಬಡಿಯುವ ಹೆಂಗಸರೇ ದಾವಲಸಾಬರ ಸಂಘದವರ ಸಂಗಡ ನಮಗೇನು ಕೆಲಸ ಎಂದು ಮುಖ ತಿರುಗಿಸಿದ್ದಾರೆ. ದಾವಲಸಾಬರೇ, ದೊಡ್ಡ ಮಂಡಳಿಯವರು ನಮ್ಮನ್ನು ಫೋಟೋಕ್ಕೆ ನಿಲ್ಲಿಸಿ ಆಮೇಲೆ ಮರೆಯುತ್ತಾರೆ ಎಂದು ನಿಮ್ಮ ಹಿರಿಯರು ಹೇಳಿದ್ದಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಮೊದಲ ಕೆಲವು ವರ್ಷ ಹಾಗೆಯೇ ಆಯಿತು. ನೀವು ಮಾತ್ರ ಪಟ್ಟು ಬಿಡಲಿಲ್ಲ. ನಿಮ್ಮ ಹತ್ತಿರ ಪರಬಾಯಿ ಎಂಬ ಪದ ಇರಲಿಲ್ಲ, ನಿಯಮ ಇರಲಿಲ್ಲ, ಹೀಗೆ ಮಾಡಿದರೆ ಹೀಗಾಗುತ್ತದೆ ಎಂದು ತೋರಿಸುವ ಹಿಂದಿನವರು ಇರಲಿಲ್ಲ. ಇಷ್ಟೆಲ್ಲ ಇಟ್ಟುಕೊಂಡು ನಾನು ಒದ್ದೆ ಪರದೆಯ ಹಿಂದೆ ಹೆದರಿ ಕೂತಿದ್ದೇನೆ. ಹೊರಗೆ ಸೈರನ್ ಕೂಗುತ್ತಿದೆ. ಸಭೆಗೆ ಹೊರಟೆ, ಉಳಿದದ್ದನ್ನು ಬಂದು ಬರೆಯುತ್ತೇನೆ.

ಮಾರ್ಚ್ ಒಂದು, ನಸುಕು

ಎದ್ದು ನಿಂತೆ. ನಾನು ನಾಗಮ್ಮನ ಚಟ್ನಿ ತಿಂದಿಲ್ಲ, ತಿನ್ನುವುದೂ ಇಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಸಭೆಯಲ್ಲಿ ಗುಜುಗುಜು ಎದ್ದಿತು. ದಾವಲಸಾಬರೇ, ನಿಮ್ಮ ಸಂಘದ ಇಂದಿನ ಅಧ್ಯಕ್ಷೆ, ಬಹಳ ಖಡಕ್ ಹೆಣ್ಣುಮಗಳು, “ತಿನ್ನದಾಕಿ ಹೆಂಗ ಹೇಳ್ತೀಯವಾ ಗುರವ್ವಾ? ನಿಯಮ ಗೊತ್ತಿಲ್ಲೇನು?” ಎಂದು ಕೇಳಿದಳು. ನಾನು ನಿಯಮದ ಸುದ್ದಿಗೆ ಹೋಗಲಿಲ್ಲ. ಸುರಿದ ತಟ್ಟೆಯ ವಿಷಯ ಹೇಳಿದೆ, ಲೋಟದ ವಿಷಯ ಹೇಳಿದೆ. ತಿನ್ನದವಳಿಗಾಗಿ ಇಷ್ಟು ಜೋಪಾನ ಮಾಡುವಾಕೆ ತಿನ್ನುವವರಿಗೆ ಎಷ್ಟು ಮಾಡಿಯಾಳು, ನೀವೇ ವಿಚಾರ ಮಾಡಿರಿ ಎಂದು ಹೇಳಿ ಕೂತುಬಿಟ್ಟೆ. ಮೊದಲು ಕೈ ಎತ್ತಿದವಳು ಆ ಖಡಕ್ ಹೆಣ್ಣುಮಗಳೇ. ಅವಳ ಹಿಂದೆ ಅವಳ ಸಂಘ. ಎಲ್ಲರೂ ಎತ್ತಿದರೋ ಎಂದು ಅತ್ತಿತ್ತ ನೋಡಿ, ವರ್ತಕರ ಮಂಡಳಿ. ನಮ್ಮ ಬಳಗದಿಂದ ಒಂದು ಕೈಯೂ ಮೇಲೇಳಲಿಲ್ಲ, ಆದರೆ ಅಷ್ಟರಲ್ಲಿ ಬೇಕಾದಷ್ಟು ಆಗಿತ್ತು. ಕಡಲುಬಿಟ್ಟ ಹೆಂಗಸರಿಗೆ ಮೂರನೆಯ ನೆರಳುಬೀದಿಯ ಕೊನೆಯಲ್ಲಿ ಜಾಗ ಸಿಕ್ಕಿದೆ. ನಾಗಮ್ಮ ಅಲ್ಲೇ ಅತ್ತಳು. ನಾನು ಮನೆಗೆ ಬಂದು ಅತ್ತೆ.

ಬಳಗದವರು ಹೇಳಿದ ಮಾತಿಗೆ ತಪ್ಪಲಿಲ್ಲ. ಸಭೆ ಮುಗಿಯುವ ಮೊದಲೇ ಕುರ್ಚಿ ಹೋಯಿತು, ಬಳಗವೂ ಹೋಯಿತು. ಬಳಗ ಬಿಟ್ಟವರು ಕೂಟದ ಹೊರಗಿನವರು. ಆದ್ದರಿಂದ ಇವತ್ತಿನಿಂದ ನಾನೂ ಹೊಸಬಳೇ. ನನ್ನ ರೊಟ್ಟಿಗೆ ನೆರಳು ಬೇಕಾದರೆ ಬೇರೊಂದು ಸಂಸ್ಥೆಯವರು ನನ್ನ ಪರವಾಗಿ ಮಾತಾಡಬೇಕು. ಬಳಗದವರ ಮೇಲೆ ನನಗೆ ಸಿಟ್ಟಿದೆ, ಇಲ್ಲವೆಂದು ದೊಡ್ಡತನ ತೋರಿಸಲಾರೆ. ಎಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಆದರೂ ನಾಳೆ ಅವರಲ್ಲೊಬ್ಬಳಿಗೆ ಕಷ್ಟ ಬಂದರೆ ಅವಳ ಪರವಾಗಿಯೂ ಯಾರಾದರೂ ಹೊರಗಿನವರೇ ಏಳಬೇಕು, ಏಳುತ್ತಾರೆ. ಅಷ್ಟನ್ನು ನೀವು ಗಟ್ಟಿಯಾಗಿ ಕಟ್ಟಿ ಹೋಗಿದ್ದೀರಿ. ಅದಕ್ಕಾಗಿ ಈ ಜನ್ಮದಲ್ಲಿ ಕಾಣದ ನಿಮ್ಮಿಬ್ಬರಿಗೂ ಕೈ ಮುಗಿಯುತ್ತೇನೆ. ಸಹಿ ಹಾಕಿ. ಅನುಮಾನ ಇದ್ದರೂ ಹಾಕಿ, ಮನೆಯವರು ಮುನಿಸಿಕೊಂಡರೂ ಹಾಕಿ.

ಮುಂದಿನ ತಿಂಗಳ ಸಭೆಯಲ್ಲಿ ನನ್ನ ಪರವಾಗಿ ಮಾತಾಡಲು ಒಬ್ಬರು ಒಪ್ಪಿದ್ದಾರೆ. ನಾಗಮ್ಮ. ಅನ್ನ ಉಣ್ಣುವ ಜನ. ನಮ್ಮ ರೊಟ್ಟಿ ಗಂಟಲಿಗೆ ಒರಟು ಎಂದು ನನ್ನ ಮುಖಕ್ಕೇ ಹೇಳಿದ್ದಾಳೆ. ಅದಕ್ಕೇ ತಿನ್ನುವುದಿಲ್ಲವಂತೆ, ಸಭೆಯವರೆಗೆ ದಿನಾ ಬೆಳಿಗ್ಗೆ ಬಂದು ನಾನು ಕೆಲಸ ಮಾಡುವುದನ್ನು ಕೂತು ನೋಡುತ್ತಾಳಂತೆ. ಕಂಡದ್ದನ್ನೇ ಹೇಳುತ್ತೇನೆ ಎಂದೂ ಎಚ್ಚರಿಸಿದ್ದಾಳೆ. ಇಷ್ಟು ವರ್ಷ ರೊಟ್ಟಿ ಬಡಿದವಳಿಗೆ ನಿನ್ನೆಯಿಂದ ಪರೀಕ್ಷೆಗೆ ಕೂರುವ ಹುಡುಗಿಯ ಹಾಗೆ ಎದೆ ಹೊಡೆದುಕೊಳ್ಳುತ್ತಿದೆ. ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು, ಆಕೆಯೇ ಇರಬೇಕು. ನಾನಿನ್ನೂ ಹಿಟ್ಟು ನಾದಿಲ್ಲ.

ನಿಮ್ಮ
ಗುರವ್ವ